ಎಂಟಕ್ಕೆ ತಂದು ಮುಚ್ಚು

ನನಗೆ ಸಿಟ್ಟು ಬರುವುದು ಕಡಿಮೆ, ಗಾಬರಿ ಬರುವುದು ಜಾಸ್ತಿ. ಬೆಳಗ್ಗೆ ಹೊಳಲ್ಕೆರೆಯ ಮನೆ ಬಿಟ್ಟು ಹೊಸದುರ್ಗದ ಬಸ್ಸು ಹತ್ತಿದೆನೆಂದರೆ, ಗ್ಯಾಸ್ ಆಫ್ ಮಾಡಿದೆನೇ, ಮೋಟಾರಿನ ಸ್ವಿಚ್ಚು ತೆಗೆದೆನೇ, ಕಾಲೇಜಿನ ಬೀರುವಿನ ಬೀಗದಕೈ ಜೇಬಿನಲ್ಲಿದೆಯೇ ಎಂದು ಒಂದೊಂದಾಗಿ ನೆನೆಸಿಕೊಳ್ಳುವಷ್ಟರಲ್ಲಿ ಹೊಸದುರ್ಗ ಬಂದಿರುತ್ತದೆ. ಅಲ್ಲಿ ಪಿಯುಸಿ ಹುಡುಗರಿಗೆ ಗಣಿತ ಹೇಳಿ ವಾಪಸು ಹೊರಟರೆ ದಾರಿಯುದ್ದಕ್ಕೂ ಮತ್ತೆ ಅದೇ. ಇರುವ ಶಕ್ತಿಯೆಲ್ಲ ಇದಕ್ಕೇ ಖರ್ಚಾಗುವುದರಿಂದ ಸಿಟ್ಟಿಗೆ ಅಂತ ನನ್ನಲ್ಲಿ ಏನೂ ಮಿಕ್ಕಿರುವುದಿಲ್ಲ. ಐವತ್ಮೂರು ವರ್ಷ ಹೀಗೇ ಸಾಗಿತ್ತು.

ಹಿರಿಯೂರಿನಲ್ಲಿ ಅಣ್ಣ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶದ ದಿನ ಹಾಲ್‌ನ ಗೋಡೆ ಎದುರು ನಿಂತಾಗ ಬಂದದ್ದು ಮಾತ್ರ ಗಾಬರಿಯಲ್ಲ. ಸಿಟ್ಟೇ. ಕಿವಿ ಬಿಸಿಯಾಯಿತು. ಮೊದಲು ನಾನು ಬಿಪಿ ಇರಬೇಕೆಂದುಕೊಂಡೆ.

ಗೋಡೆಗೆ ಆಳೆತ್ತರದ ಗಾಜಿನ ಷೋಕೇಸು. ನೆತ್ತಿಯ ಮೇಲೆ ಬಂಗಾರದ ಬಣ್ಣದಲ್ಲಿ 'ವಿಂಟೇಜ್' ಎಂದು ಬರೆಸಿದ್ದರು. ಒಳಗೆ ಎಂದೂ ಎಣ್ಣೆ ಕಾಣದ ಕಂದೀಲು, ಎಂದೂ ಹಾಡದ ಗ್ರಾಮಫೋನು, ಯಾರ ಮನೆಯದೋ ಎಲೆಯಡಿಕೆ ತಟ್ಟೆ. ಎಲ್ಲವನ್ನೂ ಡಿಸೈನರ್ ಬೇರೆ ಊರಿನಿಂದ ಕೊಂಡು ತಂದದ್ದು. ಇವುಗಳ ನಡುವೆ, ನೆತ್ತಿಯ ಮೇಲೆ ಸಣ್ಣ ಹಳದಿ ಬಲ್ಬು ಉರಿಸಿಕೊಂಡು, ಅಪ್ಪನ ಮಡಚುವ ಕ್ಯಾಮೆರಾ ಕೂತಿತ್ತು. ಮುಂದಿನ ಮುಚ್ಚಳ ಪೂರ್ತಿ ತೆರೆದಿತ್ತು, ಲೆನ್ಸ್ ಹೊರಗೆ ಚಾಚಿಕೊಂಡಿತ್ತು. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತ ಮುದುಕನ ಹಾಗೆ ಕಾಣುತ್ತಿತ್ತು.

ಆ ಕ್ಯಾಮೆರಾ ಏನೆಂದು ಇಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಐವತ್ಮೂರರ ಮನುಷ್ಯ ಒಂದು ಡಬ್ಬಿಗೆ ಯಾಕೆ ಹೀಗೆ ಆಡುತ್ತಾನೆ ಅನ್ನಿಸುತ್ತದೆ.

ಮುಚ್ಚಿದಾಗ ಅದು ಒಂದು ಸೋಪಿನ ಡಬ್ಬಿಯಷ್ಟು. ಅಂಗಿಯ ಜೇಬಿಗೆ ಹಿಡಿಸುತ್ತದೆ, ಜೇಬು ಮಾತ್ರ ಸ್ವಲ್ಪ ಜೋಲುತ್ತದೆ. ಪಕ್ಕದ ಗುಂಡಿ ಒತ್ತಿದರೆ ಮುಚ್ಚಳ ಬಾಗಿಲಿನಂತೆ ತೆರೆದು, ಲೆನ್ಸ್ ತಾನಾಗಿಯೇ ಮುಂದೆ ಬಂದು ನಿಲ್ಲುತ್ತದೆ. ಲೆನ್ಸಿಗೂ ಡಬ್ಬಿಗೂ ನಡುವೆ ಮಡಿಕೆ ಮಡಿಕೆಯಾದ ಕರಿ ಚರ್ಮದ ತಿದಿ. ಕಮ್ಮಾರನ ಕುಲುಮೆಯಲ್ಲಿ ಇರುತ್ತದಲ್ಲ, ಅಂಥದ್ದೇ, ಆದರೆ ಹೆಬ್ಬೆರಳಿನಷ್ಟು. ಕಮ್ಮಾರನ ತಿದಿಯಲ್ಲಿ ಗಾಳಿ ಇರುತ್ತದೆ, ಇದರಲ್ಲಿ ಕತ್ತಲೆ. ಜರ್ಮನಿಯಲ್ಲಿ ನಾನು ಹುಟ್ಟುವುದಕ್ಕೂ ಮುಂಚೆ ಮಾಡಿದ್ದು. ಹೊಳಲ್ಕೆರೆಯ ಸ್ಟುಡಿಯೋದವರೊಬ್ಬರು ಹೊಸದು ಕೊಂಡಾಗ ಹಳೆಯದನ್ನು ಅಪ್ಪನಿಗೆ ಕೊಟ್ಟಿದ್ದರು. ಅಪ್ಪ ಗ್ರಾಮಸೇವಕ. ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಗೆ ಬಸ್ಸಿನಲ್ಲಿ, ಸೈಕಲ್ಲಿನಲ್ಲಿ ಹೋಗಿ, ಹೊಸ ಬೀಜ ಹಾಕಿದ ಹೊಲ ನೋಡಿ, ಗೊಬ್ಬರದ ವಿಷಯ ಹೇಳಿ ಬರುವ ಕೆಲಸ. ಜೇಬಿನಿಂದ ಅದನ್ನು ತೆಗೆದು, ಟಿಕ್ ಎಂದು ಬಿಚ್ಚಿ, ಜೋಳದ ತೆನೆಯ ಪಕ್ಕ ರೈತನನ್ನು ನಿಲ್ಲಿಸಿ ಫೋಟೋ ತೆಗೆದು, ಟಿಕ್ ಎಂದು ಮುಚ್ಚಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದ. ಹಳ್ಳಿಯವರು ಫೋಟೋಕ್ಕಿಂತ ಆ ಬಿಚ್ಚಿ ಮುಚ್ಚುವುದನ್ನು ನೋಡಲಿಕ್ಕೆ ಸೇರುತ್ತಿದ್ದರಂತೆ.

ನನಗೆ ಅದನ್ನು ಕಲಿಸಿದ್ದು ಮನೆಯ ಅಂಗಳದಲ್ಲಿ. ಅದರೊಳಗೆ ಬ್ಯಾಟರಿ ಇಲ್ಲ, ಬೆಳಕು ಅಳೆಯುವ ಮುಳ್ಳಿಲ್ಲ, ಯಾವ ಸಹಾಯವೂ ಇಲ್ಲ. ಎದುರಿಗಿರುವವನು ಎಷ್ಟು ಅಡಿ ದೂರದಲ್ಲಿದ್ದಾನೆಂದು ನಾವೇ ಅಂದಾಜು ಮಾಡಿ ಲೆನ್ಸಿನ ಉಂಗುರವನ್ನು ಆ ಅಂಕಿಗೆ ತಿರುಗಿಸಬೇಕು. ಬೆಳಕು ಎಷ್ಟೆಂದು ನಾವೇ ಹೇಳಬೇಕು. "ಸೂರ್ಯನ್ನ ನೋಡ್ಬ್ಯಾಡ, ನೆಳ್ಳು ನೋಡು. ನೆಳ್ಳಿನ ಅಂಚು ಚಾಕು ಇದ್ದಂಗೈತಾ, ಮೊಂಡಾಗೈತಾ?" ಎಂದು ಅಪ್ಪ ಕೇಳುತ್ತಿದ್ದ. ದೂರ, ಬೆಳಕು, ಶಟರಿನ ವೇಗ, ರೀಲು ಸುತ್ತಿದೆಯೋ ಇಲ್ಲವೋ. ನಾಲ್ಕು ಚಿಂತೆ. ನಾಲ್ಕೂ ಮುಗಿದ ಮೇಲೆ ಒಂದು ಸಲ ಒತ್ತಲಿಕ್ಕೆ ಅಪ್ಪಣೆ. ಒತ್ತಿದ ಮೇಲೆ ನೋಡಲಿಕ್ಕೆ ಏನೂ ಇರುವುದಿಲ್ಲ, ತಿದ್ದಲಿಕ್ಕೆ ಏನೂ ಇರುವುದಿಲ್ಲ. ಮೊಬೈಲು ತೆಗೆದ ಕೂಡಲೇ ಫೋಟೋ ತೋರಿಸಿ ನನ್ನ ಚಿಂತೆಯನ್ನು ಶುರು ಮಾಡುತ್ತದೆ. ಇದು ಚಿಂತೆಯನ್ನೆಲ್ಲ ಮುಂಗಡವಾಗಿ ತೆಗೆದುಕೊಂಡು ಆಮೇಲೆ ಸುಮ್ಮನಿರಲು ಬಿಡುತ್ತದೆ. ನನ್ನಂಥವನಿಗೆ ಹೇಳಿ ಮಾಡಿಸಿದ ಯಂತ್ರ.

ಮುಚ್ಚುವುದಕ್ಕೆ ಒಂದು ನಿಯಮವಿದೆ. ಉಂಗುರದ ಕೊನೆಯಲ್ಲಿ, ಅಂಕಿಗಳೆಲ್ಲ ಮುಗಿದ ಮೇಲೆ, ಅನಂತದ ಗುರುತಿದೆ. ಎಂಟನ್ನು ಅಡ್ಡ ಮಲಗಿಸಿದ ಹಾಗೆ. ಬೆಟ್ಟ, ಕೋಟೆ, ಮೋಡ ಇವನ್ನು ತೆಗೆಯಲು ಅದು. ಮುಚ್ಚುವ ಮುಂಚೆ ಉಂಗುರ ಅಲ್ಲಿಗೆ ಬರಬೇಕು, ಆಗ ಮಾತ್ರ ಲೆನ್ಸ್ ಒಳಗೆ ಸರಿದು ಮುಚ್ಚಳಕ್ಕೆ ಜಾಗ ಬಿಡುತ್ತದೆ. ಬೇರೆ ಯಾವ ಅಂಕಿಯಲ್ಲಿದ್ದರೂ ಅಡ್ಡ ನಿಲ್ಲುತ್ತದೆ. ಆಮೇಲೆ ಲೆನ್ಸಿನ ಮೇಲೊಂದು ಕೆಳಗೊಂದು ಇರುವ ಪುಟ್ಟ ಗುಂಡಿಗಳನ್ನು ಒಟ್ಟಿಗೆ ಒತ್ತಿ ಮುಚ್ಚಳ ಎತ್ತಬೇಕು. ನಾನಾಗ ಅನಂತ ಎಂಬ ಮಾತೇ ಕೇಳಿರದ ಹುಡುಗ. ಅಪ್ಪ ಅದನ್ನು ಎಂಟು ಅಂದ. ನಮ್ಮಿಬ್ಬರಿಗೂ ಅದು ಎಂಟೇ ಆಯಿತು. "ಎಂಟಕ್ಕೆ ತಂದು ಮುಚ್ಚು" ಎಂದು ಅವನು ಎಷ್ಟು ಸಲ ಹೇಳಿದ್ದಾನೋ. ಕಲಿಯಲಿಕ್ಕೆ ನನಗೆ ಆರು ತಿಂಗಳು ಹಿಡಿಯಿತು. ಒಂದು ಗುಂಡಿ ಮೊದಲು, ಇನ್ನೊಂದು ಆಮೇಲೆ ಒತ್ತುತ್ತಿದ್ದೆ.

ಅಪ್ಪ ಹೋದ ಮೇಲೆ ಅದು ನನ್ನ ಬೀರುವಿಗೆ ಬಂತು. ಅಣ್ಣ ಕೇಳಲಿಲ್ಲ, ನಾನು ಹೇಳಲಿಲ್ಲ. ಹಾಗೇ ಇಷ್ಟು ವರ್ಷ ಕಳೆದ ಮೇಲೆ ಮನೆ ಕಟ್ಟಿಸುವಾಗ ಅವನಿಗೆ ನೆನಪಾಗಿದೆ. ಗೃಹಪ್ರವೇಶಕ್ಕೆ ಎರಡು ತಿಂಗಳಿದೆ ಎನ್ನುವಾಗ ಹೊಳಲ್ಕೆರೆಗೆ ಬಂದ.

"ಲೇ, ಅಪ್ಪಂದು ಒಂದು ಕ್ಯಾಮೆರಾ ಇತ್ತಲ್ಲ, ಐತೇನು?"

"ಐತೆ. ಯಾಕಣ್ಣ?"

"ಡಿಸೈನರ್ ಹೇಳ್ಯಾನೆ, ಮನೆತನದ್ದು ಒಂದು ಹಳೇ ಸಾಮಾನು ಇದ್ರೆ ಗೋಡೆಗೆ ಲುಕ್ ಬರ್ತೈತಂತೆ."

"ಎಷ್ಟು ದಿನಕ್ಕೆ?"

"ನಿಂಗೆ ಬೇಕಾದಾಗ ಬಂದು ತಗಂಡೋಗು. ನಾನೇನು ಅದನ್ನ ಕರಿದು ತಿಂತೀನೇನು?"

ಆಗೊಲ್ಲ ಅನ್ನಬೇಕಿತ್ತು. ಅಣ್ಣನಿಗೆ ಆಗೊಲ್ಲ ಅಂದು ನನಗೆ ಅಭ್ಯಾಸವಿಲ್ಲ. ಅದರ ಬದಲು ರಾತ್ರಿ ಊಟದ ಮೊದಲೇ ಕೂತು ಎರಡು ಹಾಳೆಯಲ್ಲಿ ಹನ್ನೊಂದು ಸೂಚನೆ ಬರೆದೆ. ಪ್ರಶ್ನೆಪತ್ರಿಕೆಯ ಮೊದಲ ಪುಟದಲ್ಲಿ ವಿದ್ಯಾರ್ಥಿಗಳಿಗೆ ಬರೆಯುತ್ತಾರಲ್ಲ, ಆ ಭಾಷೆಯಲ್ಲಿ. ಲೆನ್ಸನ್ನು ಬೆರಳಿನಿಂದ ಮುಟ್ಟಕೂಡದು. ಒದ್ದೆ ಬಟ್ಟೆ ಉಪಯೋಗಿಸಕೂಡದು. ಮುಖ್ಯವಾದ ಕಡೆ ಕೆಳಗೆ ಎರಡೆರಡು ಗೆರೆ. ಅಣ್ಣ ಅದನ್ನು ಓದದೆ ಮಡಚಿ ಪರ್ಸಿಗೆ ಹಾಕಿಕೊಂಡ. "ಮದುವೆ ಆಗೋವಾಗ ನಿನ್ನ ಹೆಂಡ್ತಿಗೂ ಹಿಂಗೆ ಬರ್ದು ಕೊಟ್ಟಿದ್ಯಾ?" ಎಂದ. ಒಳಗಿನಿಂದ ನನ್ನ ಹೆಂಡತಿ, "ಇನ್ನೂ ದಿನಾ ಬರೀತಾರೆ ಭಾವ," ಎಂದಳು.

ಮತ್ತೆ ಗೋಡೆಗೆ ಬರುತ್ತೇನೆ. ಡಿಸೈನರ್ ಅಲ್ಲೇ ನಿಂತು ಬಂದವರಿಗೆಲ್ಲ ತನ್ನ ಕೆಲಸ ತೋರಿಸುತ್ತಿದ್ದ. ಬಿಗಿ ಅಂಗಿ, ಬೆನ್ನಿಗೊಂದು ಚೀಲ. ಹತ್ತಿರ ಹೋಗಿ, "ಇದನ್ನ ಮುಚ್ಚಿ ಇಡಬೇಕ್ರಿ," ಎಂದೆ.

"ಮುಚ್ಚಿದ್ರೆ ಸೋಪ್ ಡಬ್ಬಿ ಥರ ಕಾಣುತ್ತೆ ಸಾರ್. ಓಪನ್ ಇದ್ರೇನೇ ಕ್ಯಾರೆಕ್ಟರ್ ಬರೋದು."

"ಬಲ್ಬಿನ ಶಾಖಕ್ಕೆ ಚರ್ಮ ಸೀಳುತ್ತೆ."

"ಸೀಳಿದ್ರೂ ಚೆನ್ನಾಗೇ ಇರುತ್ತೆ ಸಾರ್. ವಿಂಟೇಜ್ ಅಲ್ವಾ."

ಈ ಮಾತಿಗೆ ಏನು ಹೇಳುತ್ತೀರಿ? ಕೆಲಸ ಮಾಡುವ ವಸ್ತುವಿನ ಕೆಲಸ ಕಿತ್ತುಕೊಂಡು, ಗಾಜಿನ ಹಿಂದೆ ಕೂರಿಸಿ, ಅದು ಸೀಳಿದರೂ ಚೆನ್ನ ಅನ್ನುವ ಪ್ರೀತಿ ಇದು. ಈಗ ಎಲ್ಲ ಕಡೆ ಇದೇ. ಹೆದ್ದಾರಿಯ ಹೋಟೆಲುಗಳಲ್ಲಿ ಒರಳುಕಲ್ಲು ನಿಲ್ಲಿಸಿ ಅದರೊಳಗೆ ಪ್ಲಾಸ್ಟಿಕ್ ಹೂವು ಇಡುತ್ತಾರೆ. ಹೊಲಿಗೆ ಮಿಷನ್ನಿನ ಕಾಲಿನ ಮೇಲೆ ಗಾಜು ಹಾಕಿ ಕೈ ತೊಳೆಯುವ ಬೇಸಿನ್ ಕೂರಿಸುತ್ತಾರೆ. ಹಳೆಯದು ಅಂದರೆ ಇವರಿಗೆಲ್ಲ ಅಷ್ಟು ಆಸೆ. ಆದರೆ ಅದು ಉಸಿರಾಡಬಾರದು.

ಮಡಚುವ ಕ್ಯಾಮೆರಾದ ಜೀವ ಇರುವುದೇ ಮಡಚುವುದರಲ್ಲಿ. ಬಿಚ್ಚಿ ನಿಲ್ಲಿಸಿದರೆ ಅದು ಕೊಡೆಯನ್ನು ಬಿಡಿಸಿ ಗೋಡೆಗೆ ಮೊಳೆ ಹೊಡೆದ ಹಾಗೆ. ಇದನ್ನೆಲ್ಲ ಡಿಸೈನರ್‌ಗೆ ಹೇಳಿದೆ. ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ, ಯಾಕೆಂದರೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ ನೆಂಟರು ತಿರುಗಿ ನೋಡಿದರು, ಅಣ್ಣ ಬಂದ.

"ಏನಪ್ಪ, ಏನಾತು?"

"ಇದನ್ನ ತೆಗ್ದು ಕೊಡು. ತಗಂಡೋಗ್ತೀನಿ."

"ಇವತ್ತಾ? ಜನ ನೋಡ್ತಾ ಅವ್ರೆ."

"ಅದಕ್ಕೇ. ಅದೇನು ನೋಡೋ ಸಾಮಾನಲ್ಲ, ಫೋಟೋ ತೆಗೆಯೋ ಸಾಮಾನು."

ಅಣ್ಣ ಹಿರಿಯೂರಿನಲ್ಲಿ ಕೊಬ್ಬರಿ ಮಂಡಿ ನಡೆಸುವವನು. ಹತ್ತು ಜನರ ಕೂಗಿನ ನಡುವೆ ಮೆಲ್ಲಗೆ ಮಾತಾಡಿ ಕೆಲಸ ಮುಗಿಸಿಕೊಳ್ಳುವುದು ಅವನಿಗೆ ರೂಢಿ. ಮೆಲ್ಲಗೇ ಕೇಳಿದ. "ನೀನು ಯಾವಾಗ ತೆಗ್ದೆ ಅದರಾಗೆ ಫೋಟೋ?"

"ತೆಗೀತಿರ್ತೀನಿ."

"ಯಾವಾಗ?"

"ಹೋದ ವರ್ಷ."

ಸುಳ್ಳು. ಕೊನೆಯ ರೀಲು ಹಾಕಿ ನಾಲ್ಕು ವರ್ಷವಾಗಿತ್ತು. ರೀಲು ಹಾಳಾದರೆ ಎಂಬ ಗಾಬರಿಗೆ ಆಮೇಲೆ ಹಾಕಲೇ ಇಲ್ಲ. ಭಾನುವಾರ ಭಾನುವಾರ ಬೀರು ತೆಗೆದು, ಬಿಚ್ಚಿ, ಮುಚ್ಚಿ, ಇಟ್ಟುಬಿಡುತ್ತಿದ್ದೆ. ಅಣ್ಣನಿಗೆ ಗೊತ್ತಾಯಿತು. ಸುಳ್ಳು ಹೇಳುವಾಗ ನಾನು ಕಿವಿ ಮುಟ್ಟಿಕೊಳ್ಳುತ್ತೇನಂತೆ.

"ನೀನು ಬೀರುನಾಗೆ ನುಸಿಗುಳಿಗೆ ಜತಿಗೆ ಇಟ್ಟಿದ್ದೆ. ನಾನು ಗಾಜಿನಾಗೆ ಲೈಟ್ ಹಾಕಿ ಇಟ್ಟೀನಿ. ನಿಂದಾದ್ರೆ ಭಕ್ತಿ, ನಂದಾದ್ರೆ ಷೋಕಿನಾ?"

ಉತ್ತರವಿಲ್ಲದಾಗ ಸಿಟ್ಟು ಇನ್ನೂ ಒಂದು ಮೊಳ ಬೆಳೆಯುತ್ತದೆ ಎಂಬುದನ್ನು ಆ ದಿನ ಕಂಡುಕೊಂಡೆ. ನಾನೇನೋ ಅಂದೆ. ಮನುಷ್ಯರಿಗೆ ಬೆಲೆ ಗೊತ್ತಿರಬೇಕು, ತೂಕ ಗೊತ್ತಿದ್ದರೆ ಸಾಲದು, ಅಂತೇನೋ. ಕೊಬ್ಬರಿ ತೂಗುವವನಿಗೆ ಹೇಳುವ ಮಾತಲ್ಲ ಅದು. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ಕೇಳಿಸಿಕೊಂಡು ನಿಂತಿದ್ದರು. ಅಣ್ಣನ ಮುಖ ಬಿಗಿಯಿತು. "ಕಳಿಸ್ತೀನಿ. ಊಟ ಮಾಡಿ ಹೋಗು," ಎಂದಷ್ಟೇ ಹೇಳಿ ತಿರುಗಿಕೊಂಡ.

ಇಂಥ ಕಡೆ ಊಟ ಮಾಡದೆ ಹೊರಡುವುದು ಕ್ರಮ. ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದರೆ ನನಗೆ ಪಿತ್ತವಾಗುತ್ತದೆ, ಹಾಗಾಗಿ ಊಟ ಮಾಡಿದೆ. ಹೋಳಿಗೆ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ನನ್ನ ಪ್ರತಿಭಟನೆಯನ್ನು ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ.

ಎಂಟು ಹತ್ತು ದಿನಕ್ಕೆ ಕ್ಯಾಮೆರಾ ಬಂತು. ಅಣ್ಣನ ಲಾರಿಯ ಡ್ರೈವರು ಹೊಳಲ್ಕೆರೆಯ ಮೇಲೆ ಹೋಗುವಾಗ ಒಂದು ಸ್ವೀಟ್ ಬಾಕ್ಸ್ ಕೊಟ್ಟು ಹೋದ. ಒಳಗೆ ಹೊಸ ಟವೆಲ್ಲಿನಲ್ಲಿ ಸುತ್ತಿದ್ದರು. ಬಿಚ್ಚಿ ನೋಡಿದೆ. ಮುಚ್ಚಳ ಅರ್ಧ ಮುಚ್ಚಿ ಸಿಕ್ಕಿಕೊಂಡಿತ್ತು. ಲೆನ್ಸನ್ನು ಹಿಡಿದಿರುವ ಎರಡು ಕಂಬಿಗಳಲ್ಲಿ ಒಂದು ಸೊಟ್ಟಗಾಗಿತ್ತು. ತಿದಿಯ ಮೂಲೆ ಹರಿದು, ಕಿಟಕಿಗೆ ಹಿಡಿದರೆ ಅಲ್ಲಿಂದ ಬೆಳಕು ಕಾಣುತ್ತಿತ್ತು. ಮುಚ್ಚಳವನ್ನು ಮೇಲಕ್ಕೆತ್ತಲು ಬರಲಿಲ್ಲ, ಕೆಳಗಿಳಿಸಲು ಬರಲಿಲ್ಲ.

ಬೇಕಂತಲೇ ಮಾಡಿದ್ದಾನೆ. ನನಗೆ ಅನುಮಾನವೇ ಬರಲಿಲ್ಲ. ಗ್ಯಾಸಿನ ವಿಷಯದಲ್ಲಿ ಮೂರು ಸಲ ಅನುಮಾನಿಸುವ ನಾನು ಒಡಹುಟ್ಟಿದವನ ವಿಷಯದಲ್ಲಿ ಒಂದು ಸಲವೂ ಅನುಮಾನಿಸಲಿಲ್ಲ. ಜನರೆದುರು ಅವನಿಗೆ ಅಂದೆನಲ್ಲ, ಅದಕ್ಕೆ ಇದು. ತಗೋ ನಿನ್ನ ತೆಗೆಯೋ ಸಾಮಾನು ಅಂತ ಒತ್ತಿ ಮುರಿದು, ಟವೆಲ್ ಸುತ್ತಿ ಕಳಿಸಿದ್ದಾನೆ. ಟವೆಲ್ ನೋಡಿದರೆ ಇನ್ನೂ ಉರಿಯಿತು. ಅವನ ಫೋನು ಬಂತು, ಎತ್ತಲಿಲ್ಲ. ಮತ್ತೆ ಬಂತು, ಎತ್ತಲಿಲ್ಲ. ಮೂರು ವಾರ ಹೊಸದುರ್ಗದ ಬಸ್ಸಿನಲ್ಲಿ ಗ್ಯಾಸು, ಮೋಟಾರು, ಬೀಗದಕೈ ಎಲ್ಲ ಬಿಟ್ಟು ಅಣ್ಣನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಬಹಳ ಒಳ್ಳೆಯ ಮಾತುಗಳು. ಒಂದು ದಿನ ಬಾಯಿಂದ ಹೊರಗೇ ಬಂದು ಪಕ್ಕದಲ್ಲಿ ಕೂತಿದ್ದವರು, "ನನಗೇನಾದ್ರೂ ಅಂದ್ರಾ?" ಎಂದು ಕೇಳಿದರು.

ರಿಪೇರಿಗೆಂದು ಚಿತ್ರದುರ್ಗಕ್ಕೆ ಹೋದೆ. ಮೊದಲನೇ ಸ್ಟುಡಿಯೋದವನು ನಕ್ಕ. ಎರಡನೆಯವನು, "ರಿಪೇರಿ ಯಾಕ್ ಸಾರ್, ಹಿಂಗೇ ಕೊಡ್ರಿ. ಮದುವೆ ಮುಂಚಿನ ಶೂಟ್‌ಗೆ ಹುಡುಗನ ಕೈಗೆ ಕೊಡ್ತೀವಿ, ಸೂಪರ್ ಬರುತ್ತೆ," ಎಂದ. ಅವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಹೊರಡುವಾಗ ಅವನ ಅಂಗಡಿಯ ವಯಸ್ಸಾದ ಕೆಲಸಗಾರರೊಬ್ಬರು ಹಿಂದೆ ಬಂದು, "ತಿದಿ ಹರಿದಿದ್ರೆ ಪೇಟೆ ಒಳಗೆ ಹಾರ್ಮೋನಿಯಂ ಸಾಬ್ರು ಅವ್ರೆ, ಅವ್ರಿಗೆ ತೋರಿಸ್ರಿ," ಎಂದು ದಾರಿ ಹೇಳಿದರು.

ಹಾರ್ಮೋನಿಯಂ ಸಾಬರ ಅಂಗಡಿ ಒಂದು ಮಂಚದಷ್ಟು ಅಗಲ. ಅವರ ತಾತನ ಕಾಲದಿಂದ ನಾಟಕದ ಕಂಪನಿಗಳ, ಭಜನೆ ಮಂಡಳಿಗಳ ಪೆಟ್ಟಿಗೆಗಳನ್ನು ರಿಪೇರಿ ಮಾಡಿಕೊಂಡು ಬಂದವರು. ಗೋಡೆಗೆ ಒರಗಿಸಿದ ಪೆಟ್ಟಿಗೆಗಳೆಲ್ಲ ತಿದಿ ಬಿಚ್ಚಿಕೊಂಡು ಕೂತಿದ್ದವು. ಅವರು ಕ್ಯಾಮೆರಾವನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಕುಂತ್ಕಳ್ರಿ ಮೇಷ್ಟ್ರೇ. ಹಾರ್ಮೋನಿಯಂ ಮರಿ ಇದು."

"ಆಗುತ್ತೇನ್ರಿ?"

"ಅದರಾಗೆ ಗಾಳಿ ಸೋರಬಾರ್ದು, ಇದರಾಗೆ ಬೆಳಕು ಸೋರಬಾರ್ದು. ಚರ್ಮ ಒಂದೇ. ಬೀಳಿಸಿದ್ರಾ?"

"ಬೀಳಿಸಿದ್ದಲ್ಲ. ನಮ್ಮಣ್ಣ ಬೇಕಂತ ಒತ್ತಿ ಮುರಿದಿದ್ದು."

ಅವರು ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದರು. "ಬೇಕಂತ ಮುರಿಯೋರು ಹಿಂಗೆ ಮುರಿಯಲ್ಲ ರೀ. ಈ ಗುಂಡಿ ನೋಡ್ರಿ, ಎರಡೂ ಒಟ್ಟಿಗೆ ಒತ್ತ್ಯಾರೆ, ಕೊಕ್ಕೆ ಎರಡೂ ಕಡೆ ಸಮ ಬಿಟ್ಟೈತೆ. ಈ ಉಂಗುರ ನೋಡ್ರಿ. ಎಂಟರ ಮೇಲೆ ಗೆರೆಗೆ ಗೆರೆ ಕೂಡಿಸಿ ನಿಲ್ಲಿಸ್ಯಾರೆ. ಕೂದಲೆಳೆ ಆಚೀಚೆ ಇಲ್ಲ. ಸಿಟ್ಟಿನಾಗೆ ಇರೋನು ಇಷ್ಟು ಸರಿ ಮಾಡ್ತಾನಾ? ಭಾಳ ಕಾಳಜಿಯಿಂದ ಮುರಿದಾರೆ."

"ಎಷ್ಟರ ಮೇಲೆ?"

"ಎಂಟು. ಎಂಟಡಿ."

ಸ್ಟೂಲಿನ ಮೇಲೆ ಕೂತೇ ಅಣ್ಣನಿಗೆ ಫೋನು ಮಾಡಿದೆ.

"ಅಂತೂ ಜೀವ ಬಂತಾ ನಿಂಗೆ?" ಎಂದ. ಹಿಂದುಗಡೆ ಮಂಡಿಯ ಗದ್ದಲ ಕೇಳುತ್ತಿತ್ತು.

"ಅಣ್ಣ, ನಾನು ಬರ್ಕೊಟ್ಟಿದ್ದ ಹಾಳೆ ಐತಾ?"

"ಪರ್ಸಿನಾಗೈತೆ."

"ಒಂಬತ್ತನೇದು ಓದು."

ಕನ್ನಡಕ ಹುಡುಕುವ ಸದ್ದು, ಯಾರನ್ನೋ ಸುಮ್ಮನಿರಲು ಹೇಳಿದ್ದು. ಆಮೇಲೆ ಶಾಲೆಯ ಹುಡುಗನ ಹಾಗೆ ಒಂದೊಂದೇ ಪದ ಬಿಡಿಸಿ ಓದಿದ. "ಮುಚ್ಚುವ ಮುನ್ನ ಉಂಗುರವನ್ನು ತಪ್ಪದೇ ಎಂಟಕ್ಕೆ ತರತಕ್ಕದ್ದು."

ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. ಬೋರ್ಡಿನ ಮೇಲೆ ಆ ಗುರುತನ್ನು ಎಷ್ಟು ಸಾವಿರ ಸಲ ಬರೆದು, ಇದು ಸಂಖ್ಯೆಯಲ್ಲ, ಇದನ್ನು ಸಂಖ್ಯೆ ಅಂದರೆ ಮಾರ್ಕು ಹೋಗುತ್ತದೆ ಎಂದು ಹೆದರಿಸಿದ್ದೇನೋ. ಕ್ಯಾಮೆರಾದ ವಿಷಯ ಬರೆಯಲು ಕೂತಾಗ ಮಾತ್ರ ಕೈಗೆ ಅಂಗಳದ ಮಾತೇ ಬಂದಿತ್ತು.

"ತಂದೆ ಕಣೋ," ಎಂದ ಅಣ್ಣ. "ತಪ್ಪದೇ ಅನ್ನೋದ್ರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಕನ್ನಡಕ ಹಾಕ್ಕೊಂಡು, ನಿಮ್ಮತ್ತಿಗೆ ಕೈಯಾಗೆ ಟಾರ್ಚ್ ಹಿಡಿಸಿ ಎಂಟಕ್ಕೆ ತಂದೆ. ಮುಚ್ಚಲಿಲ್ಲ. ಹಳೇದು, ಬಿಗಿ ಇರ್ತೈತೆ ಅಂತ ಸ್ವಲ್ಪ ಒತ್ತಿದೆ. ಲಟಕ್ ಅಂತು. ಹೇಳಾಣ ಅಂತ ಮೂರು ವಾರದಿಂದ ಫೋನ್ ಮಾಡ್ತಾ ಇದೀನಿ."

"ಅದು ಆ ಎಂಟಲ್ಲ ಅಣ್ಣ."

"ಮತ್ತೆ ಯಾವ ಎಂಟು? ಎಷ್ಟು ಎಂಟವೆ ಅದರಾಗೆ?"

"ಕೊನೇಗೆ ಮಲಗಿರೋ ಎಂಟು ಒಂದೈತೆ. ಅಪ್ಪ ಅದನ್ನ ಎಂಟು ಅಂತಿದ್ದ."

ಈ ಸಲ ಅಣ್ಣನ ದನಿ ಮೆಲ್ಲಗಿರಲಿಲ್ಲ. "ನಿಮ್ಮನೇ ಎಂಟು ನಂಗೆಂಗಪ್ಪ ಗೊತ್ತಾಗ್ಬೇಕು? ನೀನೂ ಅಪ್ಪನೂ ಅದನ್ನ ಬಿಚ್ಚಿ ಮುಚ್ಚಿ ಆಡೋ ಹೊತ್ತಿಗೆ ನಾನು ಸಿರಿಗೆರೆ ಹಾಸ್ಟೆಲ್‌ನಾಗಿದ್ದೆ. ರಜಕ್ಕೆ ಬಂದು ಕೈ ಚಾಚಿದ್ರೆ ಮುಟ್ಟಬ್ಯಾಡ ಅಂತಿದ್ರಿ. ಅಪ್ಪ ಅಂದ್ರೆ ಅನ್ಲಿ. ನೀನೂ ಅಂತಿದ್ದೆ."

ಅಂದದ್ದು ನಿಜ. ನಾನಾಗ ಐದನೇ ಕ್ಲಾಸು, ಅವನು ಎಂಟನೇ ಕ್ಲಾಸು. ಅಪ್ಪನ ದನಿಯಲ್ಲೇ ಅನ್ನುತ್ತಿದ್ದೆ. ಎಷ್ಟು ಸುಖವಾಗುತ್ತಿತ್ತು ಅಂತಲೂ ನೆನಪಿದೆ.

ಫೋನು ಇಟ್ಟ ಮೇಲೆ ನನ್ನ ಸಿಟ್ಟು ಎಲ್ಲಿ ಕೂರಬೇಕೆಂದು ತಿಳಿಯದೆ ಒದ್ದಾಡಿತು. ಮೂರು ವಾರ ಸಾಕಿ ಬೆಳೆಸಿದ ಸಿಟ್ಟು ಅಷ್ಟು ಬೇಗ ಹೋಗುವುದಿಲ್ಲ. ಡಿಸೈನರ್‌ನ ಮೇಲೆ ಹೊರಿಸೋಣವೆಂದರೆ ಅವನು ಬಲ್ಬು ಹಾಕಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಅಪ್ಪನ ಮೇಲೆ ಬಂತು. ಹೊಲ ಹೊಲಕ್ಕೆ ಹೋಗಿ ಕಂಡ ಕಂಡ ರೈತರಿಗೆ ಗಂಟೆಗಟ್ಟಲೆ ತಾಳ್ಮೆಯಿಂದ ಹೇಳಿಕೊಡುತ್ತಿದ್ದ ಮನುಷ್ಯ, ಹಾಸ್ಟೆಲಿನಿಂದ ಬಂದ ಮಗನಿಗೆ ಮುಟ್ಟಬೇಡ ಅಂದ. ಯಾಕೆ ಅಂದನೋ. ಒಬ್ಬನು ಓದಲಿಕ್ಕೆ ಹೋಗಿದ್ದಾನೆ, ಅವನಿಗೆ ಅದು ಸಾಕು, ಇವನು ಮನೆಯಲ್ಲಿದ್ದಾನೆ, ಇವನಿಗೆ ಇದಿರಲಿ ಅಂತ ಹಂಚಿದ್ದನೋ ಏನೋ. ಕೇಳಲಿಕ್ಕೆ ಅವನಿಲ್ಲ. ಇರುವವನು ನಾನೊಬ್ಬ. ಸಾಬರು ಎಲ್ಲ ಕೇಳಿಸಿಕೊಂಡು, ಏನೂ ಕೇಳಿಸಿಕೊಳ್ಳದವರ ಹಾಗೆ ಅಂಟು ಕಲಸುತ್ತಿದ್ದರು.

"ಮುಂದಿನ ತಿಂಗಳು ಬರ್ರಿ," ಎಂದರು. "ಅವಸರ ಮಾಡಿದ್ರೆ ಇದೂ ಕಾಳಜಿಯಿಂದ ಮುರೀತೈತೆ."

ತಿಂಗಳು ಕಳೆದು ಹೋದೆ. ಕಂಬಿ ನೆಟ್ಟಗಾಗಿತ್ತು. ತಿದಿಯ ಮೂಲೆಗೆ ಹಾರ್ಮೋನಿಯಮ್ಮಿನ ತೆಳು ಕುರಿಚರ್ಮದ ತೇಪೆ ಹಾಕಿ ಒಳಗೆ ಕಪ್ಪು ಬಳಿದಿದ್ದರು. ಅಂಗಡಿಯ ಬಾಗಿಲು ಎಳೆದುಕೊಂಡು, ಕ್ಯಾಮೆರಾದ ಒಳಗೆ ಪುಟ್ಟ ಟಾರ್ಚು ಹಚ್ಚಿ ನನಗೆ ತೋರಿಸಿದರು. ಎಲ್ಲೂ ಒಂದು ಚುಕ್ಕೆ ಬೆಳಕು ಹೊರಗೆ ಬರಲಿಲ್ಲ. ಮುಚ್ಚಿದೆ. ಟಿಕ್. ಎಲ್ಲ ಮೊದಲಿನಂತೆ. ಮನೆಗೆ ತಗೊಂಡು ಹೋಗಿ ಬೀರುವಿನಲ್ಲಿಟ್ಟರೆ ಕಥೆ ಮುಗಿಯುತ್ತಿತ್ತು. ಹೊಳಲ್ಕೆರೆಯ ಬಸ್ಸು ಎದುರಿಗೇ ನಿಂತಿತ್ತು. ನಾನು ಹಿರಿಯೂರಿನದು ಹತ್ತಿದೆ. ಕ್ಷಮೆ ಕೇಳಲಿಕ್ಕೆ ಹೊರಟಿದ್ದೆ ಅಂದುಕೊಳ್ಳಬೇಡಿ. ಜಗಳ ಇನ್ನೂ ಬಾಕಿ ಇದೆ ಅನ್ನಿಸುತ್ತಿತ್ತು. ಯಾರ ಜೊತೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅಣ್ಣ ಮಂಡಿಯ ಕಟ್ಟೆಯ ಮೇಲೆ ಕೂತಿದ್ದ. ಅಂಗಳದಲ್ಲಿ ಕೊಬ್ಬರಿಯ ರಾಶಿ, ಅದರ ಸುತ್ತ ಚೀಲ ತುಂಬುವವರು.

"ಬಂದೇನಪ್ಪ ಮೇಷ್ಟ್ರೇ. ಚಾ ಕುಡಿತೀಯಾ, ಇಲ್ಲ ಅದಕ್ಕೂ ಹಾಳೆ ತಂದೀಯಾ?"

ನಾನು ಕ್ಯಾಮೆರಾವನ್ನು ಬಿಚ್ಚಿ ಅವನ ಅಂಗೈ ಮೇಲಿಟ್ಟೆ. "ಮುಚ್ಚು," ಎಂದೆ.

ಅವನು ಕೈಯನ್ನು ಅಲ್ಲಾಡಿಸದೆ ಹಿಡಿದುಕೊಂಡ. "ಬ್ಯಾಡ. ಒಂದ್ಸಲ ಆಗೈತೆ, ಸಾಕು. ನಿಂದು ನೀನೇ ಇಟ್ಕ."

"ಮುಚ್ಚು ಅಂದೆ."

ಜನ್ಮದಲ್ಲಿ ಮೊದಲ ಸಲ ಅಣ್ಣನಿಗೆ ಅಪ್ಪಣೆ ಕೊಟ್ಟದ್ದು. ಚೀಲ ತುಂಬುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಅಣ್ಣ ಹೆಗಲ ಟವೆಲ್ಲಿಗೆ ಕೈ ಒರೆಸಿಕೊಂಡ, ಬೆರಳ ತುದಿಗಳಲ್ಲಿ ಕೊಬ್ಬರಿಯ ಜಿಡ್ಡು ಹೊಳೆಯುತ್ತಿತ್ತು, ಅದು ಲೆನ್ಸಿಗೆ ತಾಗೀತೆಂದು ಚಾಚಲು ಹೋದ ಕೈಗಳನ್ನು ನಾನು ಹಿಂದೆ ಕಟ್ಟಿಕೊಂಡೆ. ಅವನು ಕನ್ನಡಕ ಹಾಕಿಕೊಂಡು ಉಂಗುರವನ್ನು ಕಣ್ಣ ಹತ್ತಿರ ತಂದ.

"ಎಲ್ಲೈತೋ ನಿನ್ನ ಎಂಟು?"

"ಕೊನೇಗೆ ತಿರುಗಿಸು. ಇನ್ನೂ. ಅದೇ."

"ಇದಾ? ಇದ್ಯಾವ ಸೀಮೆ ಎಂಟೋ. ಕನ್ನಡಕ ಇದ್ದಂಗೈತೆ." ತನ್ನ ಕನ್ನಡಕವನ್ನು ಮುಟ್ಟಿ ನೋಡಿಕೊಂಡ. "ಅಪ್ಪಂಗೆ ಇದನ್ನ ಕನ್ನಡಕ ಅಂತ ಅನ್ನೋಕೆ ಏನು ಬ್ಯಾನೆ ಬಂದಿತ್ತು?"

ಉಂಗುರ ತಂದ. ಎರಡು ಗುಂಡಿ ಒತ್ತಿದ. ಒಟ್ಟಿಗೇ ಒತ್ತಿದ, ಮೊದಲನೇ ಸಲಕ್ಕೇ. ತಿದಿ ಮಡಿಕೆ ಮಡಿಕೆಯಾಗಿ ಒಳಗೆ ಸರಿಯಿತು. ಮುಚ್ಚಳ ಎತ್ತಿದ. ಟಿಕ್.

ಪಕ್ಕದ ಗುಂಡಿ ಒತ್ತಿದ, ತೆರೆಯಿತು. ಮುಚ್ಚಿದ. ತೆರೆದ. ಅರವತ್ತಕ್ಕೆ ಹತ್ತಿರವಾದ ಮನುಷ್ಯ, ಕೊಬ್ಬರಿ ರಾಶಿಯ ಮುಂದೆ ಕೂತು, ಮುಚ್ಚಿ ತೆರೆದು ಮುಚ್ಚಿ ತೆರೆದು ಮಾಡಿದ. ಪ್ರತಿ ಟಿಕ್‌ಗೂ ನನಗೆ ಇಷ್ಟು ಸಲ ಮಾಡಿದರೆ ಹೊಸ ತೇಪೆ ಬಿಟ್ಟುಹೋಗುತ್ತದೆ ಎನ್ನಿಸುತ್ತಿತ್ತು. ಚೀಲ ತುಂಬುವವರಲ್ಲಿ ಒಬ್ಬ ಹತ್ತಿರ ಬಂದು, "ಏನ್ರಿ ಅದು, ಪೆಟ್ಟಿಗೆನಾ, ಪ್ರಾಣಿನಾ?" ಎಂದು ಕೇಳಿದ.

"ನಮ್ಮಪ್ಪಂದು," ಎಂದ ಅಣ್ಣ. ಆಮೇಲೆ ನನ್ನ ಕಡೆ ನೋಡದೆ, "ಬಸ್ಸಿನಾಗೆ ಕುಂತಾಗ್ಲೂ ಹಿಂಗೇ ಮಾಡ್ತಿದ್ನಾ?" ಎಂದ.

"ಮಾಡ್ತಿದ್ದ. ರೀಲು ಇಲ್ದಾಗ್ಲೂ."

ಅವನು ತಲೆಯಾಡಿಸಿ, ಅದನ್ನು ಅಂಗಿಯ ಜೇಬಿಗೆ ಇಳಿಬಿಟ್ಟುಕೊಂಡು ತಕ್ಕಡಿಯ ಕಡೆ ಎದ್ದು ಹೋದ. ಜೇಬು ಜೋಲಿತು. ನಾನು ಚಹಾ ಕುಡಿದು ಕಾದೆ. ಅರ್ಧ ಗಂಟೆ ಕಾದೆ. ವಾಪಸು ಕೊಡು ಅನ್ನುವುದಕ್ಕೆ ಎರಡು ಸಲ ಎದ್ದು ನಿಂತೆ. ಅವನು ಯಾರ ಜೊತೆಗೋ ದರದ ಮಾತಾಡುತ್ತಾ ಒಂದು ಕೈಯನ್ನು ಜೇಬಿನ ಮೇಲೆ ಇಟ್ಟುಕೊಂಡಿದ್ದ. ಹೊರಟೆ. "ಹೋಗ್ತೀನಣ್ಣ," ಎಂದದ್ದು ಅವನಿಗೆ ಕೇಳಿಸಿತೋ ಇಲ್ಲವೋ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಸಿಟ್ಟು ಇಳಿದಿರಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ. ಅವನು ಮತ್ತೆ ಗಾಜಿನೊಳಗೆ ಇಡುತ್ತಾನೋ, ಜೇಬಿನಲ್ಲೇ ಇಟ್ಟುಕೊಳ್ಳುತ್ತಾನೋ ಎಂಬುದಕ್ಕಲ್ಲ. ಅದರ ಚಿಂತೆ ಬೇರೆ, ಅದನ್ನು ನಾಳೆಯಿಂದ ಮಾಡಬಹುದು. ನನಗೆ ಆರು ತಿಂಗಳು ಹಿಡಿದದ್ದು ಅವನಿಗೆ ಐದು ನಿಮಿಷ ಹಿಡಿಯಿತು. ಬರೀ ಐದು ನಿಮಿಷ. ಅಷ್ಟೂ ವರ್ಷಗಳ ದಸರೆ ರಜೆಯಲ್ಲಿ, ಬೇಸಿಗೆ ರಜೆಯಲ್ಲಿ, ಅಪ್ಪನಿಗೆ ಆ ಐದು ನಿಮಿಷ ಸಿಗಲಿಲ್ಲ. ಅಪ್ಪ ಹೋದ ಮೇಲೆ ನನಗೂ ಸಿಗಲಿಲ್ಲ. ಹಾಳೆ ಬರೆಯಲಿಕ್ಕೆ ಮಾತ್ರ ಒಂದಿಡೀ ಸಂಜೆ ಸಿಕ್ಕಿತ್ತು.